ಅಪ್ಪನ ಜೋಡುನಳಿಗೆ ಬಂದೂಕು ಮಾರಿಬಿಡಲೇ?

ಪ್ರಶ್ನೆ: ಅಪ್ಪನ ಕಾಲದ ಹನ್ನೆರಡು ಬೋರಿನ ಜೋಡುನಳಿಗೆ ಬಂದೂಕು ಈಗ ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ನನ್ನ ಹೆಸರಿಗೆ ಬಂದಿದೆ. ಭುಜಕ್ಕೆ ವಿಪರೀತ ಒದೆಯುತ್ತದೆ. ಇಟ್ಟ ಗುರಿಗೆ ಬೀಳುವುದೇ ಇಲ್ಲ. ನಳಿಗೆ ಸ್ವಲ್ಪ ಕತ್ತರಿಸಿದರೆ ಸರಿಹೋಗುತ್ತದೆ ಅಂತಾರೆ. ಮಾರಿಬಿಡಲೇ?
– ಒಬ್ಬ ರೈತ, ಚಿಂಚೋಳಿ ತಾಲ್ಲೂಕು

ಉತ್ತರ: ಮಾರಬೇಡಿ. ನಳಿಗೆಯನ್ನಂತೂ ಮುಟ್ಟಲೇಬೇಡಿ. ಚರೆ, ಅಂದರೆ ಸಣ್ಣ ಗುಂಡುಗಳು, ಚದುರದಂತೆ ಹಿಡಿಯುವ ಚೋಕ್ ಅನ್ನುವ ಕಿರಿದಾದ ಭಾಗ ಇರುವುದೇ ನಳಿಗೆಯ ತುದಿಯಲ್ಲಿ. ಅದನ್ನು ಕತ್ತರಿಸಿದರೆ ಬಂದೂಕಿನ ಗುಣವೇ ಹೋಯಿತು. ಸಾಲದ್ದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅದು ಅಪರಾಧ.

ನನ್ನ ಬಂದೂಕಿನದೂ ಇದೇ ಕಥೆ ಇತ್ತು. ನಮ್ಮ ಹೊಲ ಆಳಂದದ ಕಡೆ. ಬಂದೂಕು ಅಜ್ಜನದು, ಅವರು ಆರಡಿ ಆಳು. ನಾನು ಐದಡಿ ನಾಲ್ಕಿಂಚು. ಎರಡು ವರ್ಷ ಅದನ್ನು ಕಂಡರಾಗುತ್ತಿರಲಿಲ್ಲ. ಒಮ್ಮೆ ಹಾರಿಸಿದರೆ ತೋಳು ನೀಲಿಗಟ್ಟುತ್ತಿತ್ತು, ಏಟು ಯಾವಾಗಲೂ ಎಡಕ್ಕೆ.

ಕೊನೆಗೆ ಕಲಬುರಗಿಯಲ್ಲಿ ಲೈಸೆನ್ಸ್ ಇರುವ ಒಬ್ಬ ಹಿರಿಯ ಮಿಸ್ತ್ರಿ ಹತ್ತಿರ ಒಯ್ದೆ. ಒಳಗೆ ತೋಟಾ (ಕಾರ್ತೂಸು) ಇಲ್ಲ ಅಂತ ಬಂದೂಕು ಮಧ್ಯಕ್ಕೆ ಬಗ್ಗಿಸಿ ತೆರೆದು ನೋಡಿದರು. ಆಮೇಲೆ, ‘ಕಣ್ಣು ಮುಚ್ಚಿ ಹೆಗಲಿಗೇರಿಸ್ರಿ, ಈಗ ಕಣ್ಣು ತೆಗೀರಿ’ ಅಂದರು. ಬಂದೂಕಿನ ಬುಡ ಅಂಗಿಗೆ ಸಿಕ್ಕಿ ಹೆಗಲು ಬಿಟ್ಟು ತೋಳಿನ ಮೇಲೆ ಕೂತಿತ್ತು! ಚರೆ ಬಂದೂಕಿಗೆ ಹಿಂದಿನ ಗುರಿಕಣ್ಣು ಇರುವುದಿಲ್ಲ, ನಮ್ಮ ಕಣ್ಣೇ ಅದು. ಕೆನ್ನೆ ಸರಿಯಾಗಿ ಕೂರದಿದ್ದರೆ ಕಣ್ಣೂ ಸರಿದುಹೋಗುತ್ತದೆ, ಅಲ್ವಾ? ಅಜ್ಜನ ಅಳತೆಯ ಬುಡದ ಕಟ್ಟಿಗೆ ನನಗೆ ಉದ್ದವಾಗಿತ್ತು, ಅದನ್ನು ಕೊಯ್ದು ರಬ್ಬರ್ ಪ್ಯಾಡ್ ಕೂರಿಸಿದರು. ಪ್ಯಾಡ್ ಸೇರಿಯೂ ಮೊದಲಿಗಿಂತ ಮುಕ್ಕಾಲು ಇಂಚು ಗಿಡ್ಡ. ಅಷ್ಟೇ.

ಇನ್ನೊಂದು ಕೆಡುಕು ಒಳಗಿತ್ತು. ಕಬ್ಬಿಣ ಸೇರುವ ಕಡೆ ಕಟ್ಟಿಗೆ ಕಪ್ಪಾಗಿ ಮೆತ್ತಗಾಗಿತ್ತು. ನಮ್ಮ ಮನೆಯಲ್ಲಿ ಎಣ್ಣೆ ಹಚ್ಚಿ ನಳಿಗೆಯ ಬಾಯಿ ಮೇಲಾಗಿ ಮೂಲೆಗೆ ನಿಲ್ಲಿಸುವ ರೂಢಿ. ವರ್ಷಗಟ್ಟಲೆ ಎಣ್ಣೆ ಇಳಿದು ಕಟ್ಟಿಗೆ ಕುಡಿದಿತ್ತು. ಮಿಸ್ತ್ರಿ ಸೀಮೆಸುಣ್ಣದ ಪುಡಿ ಮೆತ್ತಿ, ಹದವಾಗಿ ಬಿಸಿ ಮಾಡಿ ಎಣ್ಣೆ ಹೊರಗೆಳೆದರು. ಸೀಳು ಅಂಟಿಸಿದರು. ಈಗ ಎಣ್ಣೆ ಹಚ್ಚಿದ ದಿನ ಬಾಯಿ ಕೆಳಗೆ ಮಾಡಿಯೇ ಇಡುತ್ತೇನೆ.

ನಿಮ್ಮ ಒದೆತಕ್ಕೆ ತೋಟಾ ಕೂಡ ಕಾರಣ ಇರಬಹುದು. ಹಳೆಯ ಎಷ್ಟೋ ಬಂದೂಕುಗಳ ಚೇಂಬರ್ (ತೋಟಾ ಕೂರುವ ಗೂಡು) 65 ಮಿ.ಮೀ. ಉದ್ದ, ಈಗಿನ ತೋಟಾ ಸಾಮಾನ್ಯವಾಗಿ 70. ಒಳಗೆ ಸಲೀಸಾಗಿ ಹೋಗುತ್ತದಲ್ಲ ಅಂತ ಮೋಸ ಹೋಗಬೇಡಿ. ಆ ಅಳತೆ ಬಾಯಿ ಬಿಚ್ಚಿದ ತೋಟಾದ್ದು. ಹಾರಿಸಿದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಒದೆತ ಜಾಸ್ತಿಯಾಗುವುದು ಸಣ್ಣ ಮಾತು, ಹಳೆಯ ನಳಿಗೆಗೆ ಅದು ಅಪಾಯ. ಮಿಸ್ತ್ರಿ ಅಳೆದು ಹೇಳುವ ತನಕ ಒಂದು ತೋಟಾನೂ ಹಾಕಬೇಡಿ.

ರಿಪೇರಿಯಾದ ಮೇಲೆ ಶೂಟಿಂಗ್ ರೇಂಜಿನಲ್ಲಿ 40 ಗಜ ದೂರಕ್ಕೆ ದೊಡ್ಡ ಕಾಗದ ಕಟ್ಟಿ ಹಾರಿಸಿ. ಚರೆ ದಟ್ಟವಾಗಿ ಬಿದ್ದ ಕಡೆ 30 ಇಂಚಿನ ವೃತ್ತ ಎಳೆಯಿರಿ. ವೃತ್ತ ನೀವು ಇಟ್ಟ ಗುರಿಯ ಮೇಲೆ ಕೂತಿದೆಯಾ ನೋಡಿ. ನನ್ನದು ಮೊದಲ ಸಲ ಸರಿಯಾಗಿ ಕೂತಾಗ ಆ ಕಾಗದ ಮಡಚಿ ಮನೆಗೆ ತಂದೆ. ಇನ್ನೂ ಇದೆ.

ಒಂದು ಮಾತು. ಅಜ್ಜನ ಬೇಟೆಯ ಕಾಲ ಮುಗಿಯಿತು, ಈಗ 1972ರ ವನ್ಯಜೀವಿ ಕಾಯ್ದೆ ಇದೆ. ತೊಗರಿ ಹೊಲಕ್ಕೆ ನುಗ್ಗುವ ಹಂದಿಗೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಗುಂಡು ಹಾಕುವಂತಿಲ್ಲ. ಕೃಷ್ಣಮೃಗದ ಕಡೆ ನಳಿಗೆ ತಿರುಗಿಸಲೇಬಾರದು.

ನಳಿಗೆ ಬಿಚ್ಚಿದಾಗ ಅಡಿಯಲ್ಲಿ ಕೆತ್ತಿದ ಅಂಕಿಗಳು ಕಾಣುತ್ತವೆ. ಅವನ್ನು ಬರೆದು ಕಳಿಸಿ, ನೋಡೋಣ.