ಬಿಲ್‌ಬೋರ್ಡ್ ಎಂಬ ಹೆಸರಿನ ಹಿಂದೆ: ಸಂಪಾದಕರ ಉತ್ತರ

ಸೋಮವಾರಪೇಟೆಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ಅಮೆರಿಕದ ‘ಬಿಲ್‌ಬೋರ್ಡ್’ ಅನ್ನು ಹಾಡುಗಳ ಪತ್ರಿಕೆ ಎಂದಿದ್ದೀರಿ. ಆ ಪದಕ್ಕೆ ರಸ್ತೆ ಬದಿಯ ಜಾಹೀರಾತು ಫಲಕ ಎಂದಲ್ಲವೇ ಅರ್ಥ? ಅದೂ ಅಲ್ಲದೆ, ವ್ಯಾಪಾರಿಗಳಿಗಾಗಿ ನಡೆಯುವುದನ್ನು ಪತ್ರಿಕೆ ಎನ್ನಬಹುದೇ?”

ಮಾನ್ಯರೇ,

ನಿಮ್ಮ ಅನುಮಾನ ಸರಿಯಾಗಿದೆ. ಆ ಪತ್ರಿಕೆ ಹುಟ್ಟಿದ್ದೇ ಫಲಕಗಳಿಗಾಗಿ. 1894ರ ನವೆಂಬರ್ 1ರಂದು ಸಿನ್ಸಿನಾಟಿ ನಗರದಲ್ಲಿ ವಿಲಿಯಂ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಹೆನ್ನೆಗನ್ ಅದನ್ನು ‘ಬಿಲ್‌ಬೋರ್ಡ್ ಅಡ್ವರ್ಟೈಸಿಂಗ್’ ಎಂಬ ಎಂಟು ಪುಟಗಳ ಮಾಸಿಕವಾಗಿ ಆರಂಭಿಸಿದರು. ಡೊನಾಲ್ಡ್‌ಸನ್ನರ ಮನೆತನದ್ದು ಪೋಸ್ಟರ್ ಮುದ್ರಣದ ಕಸುಬು. ಓದುಗರು ಊರೂರಿನ ಗೋಡೆಗಳಿಗೆ ಪೋಸ್ಟರ್ ಹಚ್ಚುವವರು. ಮಡಿಕೇರಿಯಲ್ಲಿ ಬೆಳಗಿನ ಮಂಜು ಸರಿಯುವ ಮೊದಲೇ ಮೈದಾ ಅಂಟಿನ ಬಕೆಟ್ ಹಿಡಿದು ಬಂದು, ರಾತ್ರಿಯ ಮಳೆಗೆ ಅರ್ಧ ಕಿತ್ತುಬಂದ ಹಾಳೆಯ ಮೇಲೆಯೇ ಹೊಸದನ್ನು ಹಚ್ಚಿ, ಸುಕ್ಕುಗಳನ್ನು ಅಂಗೈಯಿಂದ ನೀವಿ ಹೋಗುವವರನ್ನು ನಾನು ಎಷ್ಟೋ ಸಲ ನೋಡುತ್ತ ನಿಂತಿದ್ದೇನೆ. ಅಂಥ ಕೆಲಸದವರಿಗೆ ತಮ್ಮದೇ ಆದ ಪತ್ರಿಕೆಯೊಂದಿತ್ತು ಎಂಬುದೇ ನನಗೆ ದೊಡ್ಡ ಸಂಗತಿ.

ಪೋಸ್ಟರ್ ಹಚ್ಚಿಸುತ್ತಿದ್ದವರಲ್ಲಿ ಸರ್ಕಸ್ಸಿನವರು, ಜಾತ್ರೆ ಮೇಳಗಳವರು ಬಹಳ. ಹಾಗಾಗಿ ಅವರ ಸುದ್ದಿಯೂ ಪುಟಗಳಿಗೆ ಬಂತು. 1900ರಲ್ಲಿ ಪತ್ರಿಕೆ ಮುಳುಗುವ ಸ್ಥಿತಿಗೆ ಬಂದಾಗ ಡೊನಾಲ್ಡ್‌ಸನ್ ಪಾಲುದಾರರ ಪಾಲನ್ನು 500 ಡಾಲರಿಗೆ ಕೊಂಡು, ಅದನ್ನು ವಾರಪತ್ರಿಕೆಯಾಗಿಸಿದರು.

ಮುಂದೆ ಅವರು ಮಾಡಿದ ಒಂದು ಏರ್ಪಾಟು ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವಾಗಬಹುದು. ಡೇರೆಯಲ್ಲಿ ಬದುಕುವವರಿಗೆ ವಿಳಾಸವಿರುವುದಿಲ್ಲ. ನಮ್ಮಲ್ಲಿಯೂ ನಾಟಕ ಕಂಪನಿ ವಿರಾಜಪೇಟೆಯ ಬಿಡಾರ ಕಿತ್ತು ಹುಣಸೂರಿಗೆ ಇಳಿದ ಮೇಲೆ, ನಟನ ಮನೆಯವರು ಬರೆದ ಕಾಗದ ಖಾಲಿ ಮೈದಾನಕ್ಕೆ ಬಂದು ಸೇರಿದರೆ ಏನು ಪ್ರಯೋಜನ? ಅಮೆರಿಕದ ಅಂಥ ಕಲಾವಿದರು ಬಿಲ್‌ಬೋರ್ಡಿನ ಕಚೇರಿಯನ್ನೇ ತಮ್ಮ ವಿಳಾಸವಾಗಿ ಕೊಡುತ್ತಿದ್ದರು. ಯಾರಿಗೆ ಕಾಗದ ಬಂದಿದೆಯೆಂದು ಪತ್ರಿಕೆ ಹೆಸರುಗಳ ಪಟ್ಟಿ ಅಚ್ಚು ಹಾಕುತ್ತಿತ್ತು. ಎಲ್ಲೋ ದೂರದ ಊರಿನಲ್ಲಿ ತನ್ನ ಹೆಸರು ಕಂಡವನು ತಾನಿರುವ ಜಾಗವನ್ನು ಬರೆದು ತಿಳಿಸಿ ತರಿಸಿಕೊಳ್ಳುತ್ತಿದ್ದ. ಓದುಗರ ಮನೆಯ ಕಾಗದವನ್ನು ಜೋಪಾನ ಮಾಡಿದ ಆ ವ್ಯಾಪಾರಿ ಪತ್ರಿಕೆಯನ್ನು ಪತ್ರಿಕೆಯಲ್ಲ ಎನ್ನಲು ನನಗೆ ಮನಸ್ಸು ಬಾರದು.

ಹಾಡುಗಳ ಪಟ್ಟಿಯೂ ಮೊದಲಿಗೆ ಕಸುಬಿನವರಿಗಾಗಿಯೇ ಬಂದದ್ದು. ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಪೆಟ್ಟಿಗೆಗಳು 1930ರ ದಶಕದಲ್ಲಿ ಹೋಟೆಲುಗಳಿಗೆ ನುಗ್ಗಿದಾಗ, ಯಾವ ಪ್ಲೇಟು ಇಟ್ಟರೆ ಓಡುತ್ತದೆ ಎಂಬುದು ಅದರ ಮಾಲೀಕರಿಗೆ ಗೊತ್ತಾಗಬೇಕಿತ್ತು. 1940ರ ಜುಲೈನಲ್ಲಿ ಮಾರಾಟದ ಲೆಕ್ಕದ ಪಟ್ಟಿ, 1958ರ ಆಗಸ್ಟ್ 4ರಂದು ಇಂದಿಗೂ ನಡೆಯುತ್ತಿರುವ, ನೂರು ಜನಪ್ರಿಯ ಹಾಡುಗಳ ‘ಹಾಟ್ 100’ ಪಟ್ಟಿ ಪ್ರಕಟವಾದವು. ಬಹುಕಾಲ ಅಂಗಡಿಯವರು ಬಾಯಿಮಾತಿನಲ್ಲಿ ಕೊಟ್ಟ ವರದಿಯೇ ಮಾರಾಟಕ್ಕೆ ಆಧಾರವಾಗಿತ್ತು. ಗಲ್ಲಾಪೆಟ್ಟಿಗೆಯಲ್ಲಿ ಯಂತ್ರ ಎಣಿಸಿದ ಲೆಕ್ಕ ಬಂದದ್ದು 1991ರಲ್ಲಿ.

ಸರ್ಕಸ್ಸು, ಜಾತ್ರೆಗಳ ಸುದ್ದಿಯನ್ನು ‘ಅಮ್ಯೂಸ್‌ಮೆಂಟ್ ಬಿಸಿನೆಸ್’ ಎಂಬ ಬೇರೆ ಪತ್ರಿಕೆಗೆ ಬಿಟ್ಟುಕೊಟ್ಟು ಬಿಲ್‌ಬೋರ್ಡ್ ಸಂಗೀತವನ್ನೇ ಹಿಡಿದದ್ದು 1961ರಲ್ಲಿ. ಅದಕ್ಕೆ ಮುಂಚಿನ 66 ವರ್ಷಗಳನ್ನು ನಮ್ಮ ಟಿಪ್ಪಣಿಯಲ್ಲಿ ಬಿಟ್ಟದ್ದು ತಪ್ಪೇ. ನೀವು ಕೇಳಿದ್ದರಿಂದ ಅದನ್ನು ಇಲ್ಲಿ ತುಂಬಿದ್ದೇನೆ.