ಒಂದೇ ಸರ್ವ್ಲೆಟ್, ಹಲವು ಪುಟಗಳು

ಪ್ರಶ್ನೆ: ಇಳಕಲ್ ಸೀರೆಗಳ ಮಾರಾಟಕ್ಕಾಗಿ ಜಾವಾದಲ್ಲಿ ಜಾಲತಾಣ ರೂಪಿಸುತ್ತಿದ್ದೇನೆ. ಹೊಸ ಆರ್ಡರ್, ತಿದ್ದುಪಡಿ, ರದ್ದತಿ ಎಲ್ಲವೂ ಒಂದೇ ಸರ್ವ್ಲೆಟ್‌ಗೆ (ಬ್ರೌಸರ್‌ನ ಕೋರಿಕೆಗಳಿಗೆ ಸರ್ವರ್‌ನಲ್ಲಿ ಉತ್ತರಿಸುವ ಜಾವಾ ಪ್ರೋಗ್ರಾಂ) ಬರುತ್ತವೆ. ಅವನ್ನು ಆಯಾ ಪುಟಕ್ಕೆ ಕಳುಹಿಸುವುದು ಹೇಗೆ? ರಿಫ್ರೆಶ್ ಮಾಡಿದರೆ ಆರ್ಡರ್ ಎರಡು ಸಲ ದಾಖಲಾಗುವುದೇಕೆ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಪ್ರತಿ ಫಾರ್ಮ್‌ನಲ್ಲೂ ಒಂದು ಹಿಡನ್ ಫೀಲ್ಡ್ (ಪುಟದಲ್ಲಿ ಕಾಣಿಸದ ಫೀಲ್ಡ್) ಇರಿಸಿ, ಅದರ ಮೌಲ್ಯವನ್ನು ಗೆಟ್‌ಪ್ಯಾರಾಮೀಟರ್ (getParameter) ಮೆಥಡ್ ಮೂಲಕ ಓದಿ, ಯಾವ ಮೌಲ್ಯಕ್ಕೆ ಯಾವ ಪುಟ ಎಂಬುದನ್ನು ಸರ್ವ್ಲೆಟ್‌ನೊಳಗಿನ ಮ್ಯಾಪ್‌ನಲ್ಲಿ (ಜೋಡಿಗಳ ಪಟ್ಟಿಯಲ್ಲಿ) ಹುಡುಕಿರಿ. ಬ್ರೌಸರ್ ಕಳುಹಿಸಿದ ಹೆಸರನ್ನೇ ಪುಟದ ವಿಳಾಸವಾಗಿ ಬಳಸುವುದು ಅಪಾಯಕರ. ಮೌಲ್ಯ ಬಾರದಿದ್ದರೆ ನಲ್ (ಏನೂ ಇಲ್ಲ ಎಂಬ ಸೂಚನೆ) ಸಿಗುತ್ತದೆ. ಆಗ ತೋರಿಸಬೇಕಾದ ಪುಟವನ್ನೂ ನಿಗದಿಪಡಿಸಿರಿ. ಅಂದಹಾಗೆ, ಆ ಫೀಲ್ಡ್‌ಗೆ ‘ಆ್ಯಕ್ಷನ್’ ಎಂದು ಹೆಸರಿಡದಿರುವುದು ಮೇಲು, ಏಕೆಂದರೆ ಜಾವಾಸ್ಕ್ರಿಪ್ಟ್‌ನಲ್ಲಿ ಅದು ಫಾರ್ಮ್‌ನ ಅದೇ ಹೆಸರಿನ ಗುಣವನ್ನು ಮರೆಮಾಡುತ್ತದೆ.

ಎರಡು ಸಲ ದಾಖಲಾಗಲು ಕಾರಣ ಫಾರ್ವರ್ಡ್, ಅಂದರೆ ಸರ್ವ್ಲೆಟ್ ಕೋರಿಕೆಯನ್ನು ನೇರವಾಗಿ ಪುಟಕ್ಕೆ ಒಪ್ಪಿಸುವುದು. ಅದು ಸರ್ವರ್‌ನೊಳಗೇ ನಡೆಯುವುದರಿಂದ ಬ್ರೌಸರ್‌ನ ಮಟ್ಟಿಗೆ ಕೊನೆಯ ಕೋರಿಕೆ ಪೋಸ್ಟ್ (ಫಾರ್ಮ್‌ನ ಮಾಹಿತಿ ಸಲ್ಲಿಸುವ ಕೋರಿಕೆ) ಆಗಿಯೇ ಉಳಿದು, ರಿಫ್ರೆಶ್ ಮಾಡಿದಾಗ ಅದೇ ಮತ್ತೆ ಹೋಗುತ್ತದೆ. ಆದ್ದರಿಂದ ಆರ್ಡರ್ ಉಳಿಸಿದ ಮೇಲೆ ಸೆಂಡ್‌ರಿಡೈರೆಕ್ಟ್ (sendRedirect) ಮೆಥಡ್ ಬಳಸಿರಿ. ಬ್ರೌಸರ್ 302 ಸಂಕೇತ (ಬೇರೆ ವಿಳಾಸಕ್ಕೆ ಹೋಗು ಎಂಬ ಸೂಚನೆ) ಪಡೆದು ಹೊಸ ಗೆಟ್ ಕೋರಿಕೆ (ಪುಟವನ್ನು ಕೇಳುವ ಕೋರಿಕೆ) ಕಳುಹಿಸುತ್ತದೆ. ಹಳೆಯ ಕೋರಿಕೆಗೆ ಸೇರಿಸಿದ ಮಾಹಿತಿ ಅಲ್ಲಿ ಸಿಗದ ಕಾರಣ ಆರ್ಡರ್ ಸಂಖ್ಯೆಯನ್ನು ಸೆಷನ್‌ನಲ್ಲಿ (ಆ ಬಳಕೆದಾರರಿಗಾಗಿ ಸರ್ವರ್ ಕೋರಿಕೆಗಳ ನಡುವೆ ಉಳಿಸುವ ಮಾಹಿತಿಯಲ್ಲಿ) ಇರಿಸಬಹುದು. ತಪ್ಪು ತುಂಬಿದ ಫಾರ್ಮ್ ಅನ್ನು ಮರಳಿ ತೋರಿಸಲು ಮಾತ್ರ ಫಾರ್ವರ್ಡ್ ಸಾಕು.