ಪುಸ್ತಕದಲ್ಲಿರೋ ಅಮ್ಮ ಬೈಯೋದೇ ಇಲ್ಲ

ಪ್ರಶ್ನೆ: ನನಗೆ 33 ವರ್ಷ, ಬ್ಯಾಂಕಿನಲ್ಲಿ ಕೆಲಸ. ಮಗಳಿಗೆ ಐದೂವರೆ, ಯುಕೆಜಿ. ದಿನಾ ರಾತ್ರಿ ಮಲಗಿಸುವಾಗ ಚಿತ್ರಪುಸ್ತಕ ಓದಿ ಹೇಳುತ್ತೇನೆ. ಹೆಚ್ಚಿನವು ಪ್ರೀತಿಯ ಕಥೆಗಳೇ. ಅಮ್ಮ ಕರಡಿಯೋ ಅಮ್ಮ ಮೊಲವೋ ಮರಿಯನ್ನು ತಬ್ಬಿಕೊಂಡು ನೀನೆಂದರೆ ಎಷ್ಟು ಇಷ್ಟ ಎಂದು ಹೇಳುತ್ತಲೇ ಇರುತ್ತದೆ. ಬೆಳಿಗ್ಗೆಯಾದರೆ ನಾನು ಬೇರೆಯೇ ಹೆಂಗಸು. ಎಂಟಕ್ಕೆ ವ್ಯಾನ್ ಬರುತ್ತದೆ, ಇವಳು ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ಕಿಟಕಿ ನೋಡುತ್ತಾ ಕೂತಿರುತ್ತಾಳೆ, ನಾನು ಕಿರುಚುತ್ತೇನೆ. ಹೋದ ವಾರ ಬೆನ್ನಿಗೆ ಒಂದು ಏಟೂ ಬಿತ್ತು. ಆ ರಾತ್ರಿ ಓದುವಾಗ "ಪುಸ್ತಕದಲ್ಲಿರೋ ಅಮ್ಮ ಬೈಯೋದೇ ಇಲ್ಲ ಅಲ್ವಾ?" ಎಂದಳು. ನನಗೆ ಮಾತೇ ಹೊರಡಲಿಲ್ಲ. ಆ ಪುಸ್ತಕವನ್ನು ಬೀರುವಿನ ಮೇಲೆ ಇಟ್ಟುಬಿಟ್ಟಿದ್ದೇನೆ. ಅತ್ತೆ "ನಾವೇನು ಪುಸ್ತಕ ಓದಿ ಪ್ರೀತಿ ಮಾಡಿದ್ವಾ?" ಎನ್ನುತ್ತಾರೆ. ಗಂಡ ಮನೆ ಸೇರುವುದು ರಾತ್ರಿ ಒಂಬತ್ತರ ಮೇಲೆ. ರಾತ್ರಿ ಪ್ರೀತಿಯ ಕಥೆ, ಬೆಳಿಗ್ಗೆ ಏಟು. ನಾನು ನಾಟಕ ಆಡುತ್ತಿದ್ದೇನೆಯೇ? ಓದುವುದನ್ನೇ ಬಿಟ್ಟುಬಿಡಲೇ?
– ಹೆಸರು ಬೇಡ, ತುಮಕೂರು

ಉತ್ತರ: ಬಿಡಬೇಡಿ. ಬೀರುವಿನ ಮೇಲಿರುವ ಪುಸ್ತಕವನ್ನು ಇವತ್ತೇ ಕೆಳಗಿಳಿಸಿ. ತಾನು ಒಂದು ಮಾತು ಕೇಳಿದ ಮೇಲೆ ಪುಸ್ತಕವೇ ಕಾಣೆಯಾದರೆ, ಕೇಳಬಾರದ್ದನ್ನು ಕೇಳಿದೆ ಎಂದು ಮಗು ಅಂದುಕೊಳ್ಳುತ್ತದೆ. ಈ ವಯಸ್ಸಿನ ಮಕ್ಕಳು ಎಲ್ಲದಕ್ಕೂ ತಾವೇ ಕಾರಣ ಎಂದುಕೊಳ್ಳುವುದು ಬಹಳ ಬೇಗ.

ಏಟಿನ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ನನಗೆ ಎರಡು ಮನಸ್ಸಿಲ್ಲ. ಅದು ನಿಲ್ಲಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಟೀಚರ್ ನಿಮ್ಮ ಮಗಳ ಮೇಲೆ ಕೈ ಮಾಡಿದರೆ ನೀವು ಸುಮ್ಮನಿರುವುದಿಲ್ಲ. ಅದೇ ರಕ್ಷಣೆ ಅವಳಿಗೆ ಮನೆಯಲ್ಲೂ ಸಿಗಬೇಕು. ಕೈ ಎತ್ತುವಷ್ಟು ಸಿಟ್ಟು ಬಂದಾಗ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬನ್ನಿ. ವ್ಯಾನ್ ತಪ್ಪಿದರೆ ತಪ್ಪಲಿ, ಆಟೊದಲ್ಲಿ ಬಿಟ್ಟು ಬಂದರಾಯಿತು.

ಇನ್ನು ನಾಟಕದ ಮಾತು. ನೀವು ನಾಟಕ ಆಡುತ್ತಿಲ್ಲ. ದಿನವಿಡೀ ಕೌಂಟರಿನಲ್ಲಿ ಜನರಿಗೆ ಉತ್ತರ ಕೊಟ್ಟು, ಮನೆಗೆ ಬಂದು ಅಡುಗೆ ಮಾಡಿ, ಕಣ್ಣು ಎಳೆಯುತ್ತಿದ್ದರೂ ಮಗುವಿನ ಪಕ್ಕ ಒರಗಿ ಪುಟ ತಿರುಗಿಸುತ್ತೀರಿ. ಅದು ಬಲವಂತದಿಂದ ಆಗುವ ಕೆಲಸವಲ್ಲ. ಇನ್ನೊಂದು ವಿಷಯ ಗಮನಿಸಿ: ಆ ಪ್ರಶ್ನೆಯನ್ನು ಅವಳು ನಿಮ್ಮನ್ನೇ ಕೇಳಿದಳು, ಪಕ್ಕದಲ್ಲೇ ಮಲಗಿಕೊಂಡು. ನಿಮ್ಮನ್ನು ಕಂಡರೆ ಬರೀ ಭಯವೇ ಇದ್ದಿದ್ದರೆ ಆ ಮಾತು ಅವಳ ಬಾಯಿಂದ ಹೊರಡುತ್ತಿರಲಿಲ್ಲ.

ನೀವು ಹೇಳುವಂಥ ಪುಸ್ತಕಗಳ ಬಗ್ಗೆ ನನಗೊಂದು ತಕರಾರಿದೆ. ಅಲ್ಲಿ ಬೆಳಗಾಗುವುದೇ ಇಲ್ಲ. ಅಮ್ಮ ಕರಡಿ ಬಯೊಮೆಟ್ರಿಕ್ ಒತ್ತಲು ಓಡಬೇಕಿಲ್ಲ, ಮರಿಗೆ ಜಡೆ ಹಾಕಬೇಕಿಲ್ಲ, ಟಿಫಿನ್ ಡಬ್ಬಿಯ ಮುಚ್ಚಳ ಹುಡುಕಬೇಕಿಲ್ಲ. ನಿದ್ದೆಗೆ ಮುಂಚಿನ ಹತ್ತು ನಿಮಿಷಕ್ಕೆಂದೇ ಬರೆದ ಪುಸ್ತಕಗಳವು, ಆ ಹೊತ್ತಿಗೆ ಅವು ಚೆಂದವೇ. ಆದರೆ ಅವನ್ನಷ್ಟೇ ಓದಿದರೆ, ಸಿಟ್ಟು ಬಂದ ಮನೆಯಲ್ಲಿ ಪ್ರೀತಿ ಎಲ್ಲಿ ಇರುತ್ತದೆ ಎನ್ನುವುದು ಮಗುವಿಗೆ ಕಾಣುವುದಿಲ್ಲ. ಅವಳು ಕೇಳಿದ್ದೂ ಅದನ್ನೇ.

ಅದನ್ನು ಕಾಣಿಸುವ ಪುಸ್ತಕಗಳೂ ಇವೆ. ಅಮೆರಿಕದ ಮಾರಿಸ್ ಸೆಂಡಾಕ್ 1963ರಲ್ಲಿ ಬರೆದು ಚಿತ್ರಿಸಿದ 'ವೇರ್ ದಿ ವೈಲ್ಡ್ ಥಿಂಗ್ಸ್ ಆರ್' ಅಂಥದ್ದು. ತೋಳದ ವೇಷ ಹಾಕಿಕೊಂಡು ಮನೆಯಲ್ಲಿ ದಾಂಧಲೆ ಎಬ್ಬಿಸಿದ ಮ್ಯಾಕ್ಸ್‌ನನ್ನು ಅಮ್ಮ ಗದರಿಸಿ, ಊಟ ಕೊಡದೆ ಮಲಗಲು ಕಳಿಸುತ್ತಾಳೆ. (ಊಟ ತಪ್ಪಿಸುವ ಶಿಕ್ಷೆ ನನಗೆ ಒಪ್ಪಿಗೆಯಿಲ್ಲ, ಅದು ಬೇರೆ ಮಾತು.) ಹುಡುಗ ಸಿಟ್ಟಿನಲ್ಲೇ ದೂರದ ಕಾಡುಪ್ರಾಣಿಗಳ ನಾಡಿಗೆ ಹೋಗಿ ರಾಜನಾಗಿ ಮೆರೆಯುತ್ತಾನೆ. ಅಲ್ಲಿ ಬೇಸರವಾಗಿ ತನ್ನ ಕೋಣೆಗೆ ಮರಳಿದರೆ, ಊಟ ಅವನಿಗಾಗಿ ಕಾದಿರುತ್ತದೆ. ಕೊನೆಯ ಪುಟದಲ್ಲಿ ಚಿತ್ರವೇ ಇಲ್ಲ, ಊಟ ಇನ್ನೂ ಬಿಸಿಯಾಗಿತ್ತು ಎಂದಷ್ಟೇ ಇದೆ. ಇಡೀ ಪುಸ್ತಕದಲ್ಲಿ ಅಮ್ಮನನ್ನು ಒಮ್ಮೆಯೂ ಚಿತ್ರಿಸಿಲ್ಲ. ಆದರೂ ಆ ತಟ್ಟೆ ಯಾರು ತಂದಿಟ್ಟರು ಎಂದು ಯಾವ ಮಗುವಿಗೂ ವಿವರಿಸಬೇಕಾಗುವುದಿಲ್ಲ. ಬೈದವಳೂ ಅವಳೇ, ಬಿಸಿ ಆರುವ ಮುಂಚೆ ತಂದಿಟ್ಟವಳೂ ಅವಳೇ.

ನಿಮ್ಮ ಮನೆಯಲ್ಲೂ ಬಿಸಿ ಆರದ ತಟ್ಟೆಗಳಿವೆ. ಕಿರುಚಿದ ಬೆಳಿಗ್ಗೆಯೂ ಡಬ್ಬಿಗೆ ಅವಳಿಗಿಷ್ಟವಾದ ಚಿತ್ರಾನ್ನವನ್ನು ಮೆಣಸಿನಕಾಯಿ ಆರಿಸಿ ತೆಗೆದೇ ಹಾಕಿರುತ್ತೀರಿ. ಅಷ್ಟಿದ್ದರೂ ಸಾಲದು. ಸಿಟ್ಟು ಮುಗಿದಿದೆ ಎಂದು ಮಗುವಿಗೆ ಗೊತ್ತಾಗಬೇಕು, ಗೊತ್ತಾಗುವ ಹಾಗೆ ನೀವು ಹೇಳಬೇಕು. ತಾಯಿ ಮತ್ತು ಎಳೆಗೂಸಿನ ಒಡನಾಟವನ್ನು ವಿಡಿಯೊ ಮಾಡಿ ಕ್ಷಣಕ್ಷಣವಾಗಿ ನೋಡಿದ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಅವರಿಗೆ, ಚೆನ್ನಾಗಿ ಹೊಂದಿಕೊಂಡ ಜೋಡಿಗಳಲ್ಲೂ ಇಬ್ಬರ ಮನಸ್ಸು ಕೂಡಿದ್ದದ್ದು ಸುಮಾರು ಮೂರನೇ ಒಂದು ಪಾಲು ಹೊತ್ತು ಮಾತ್ರ ಎಂದು ಕಂಡಿತು. ಉಳಿದದ್ದೆಲ್ಲ ತಪ್ಪುವುದು, ಮತ್ತೆ ಕೂಡುವುದು. ಮಗು ಬೆಳೆಯುವುದು ಈ ಮತ್ತೆ ಕೂಡುವುದರಲ್ಲಿ. ಅವರು ಹೇಳಿದ್ದು ಸಣ್ಣಪುಟ್ಟ ತಪ್ಪುವಿಕೆಯ ಬಗ್ಗೆ, ಏಟಿಗೆ ಅದು ಸಮರ್ಥನೆಯಾಗದು.

ಆದ್ದರಿಂದ ಇವತ್ತು ರಾತ್ರಿ ನೀವೇ ಮಾತು ತೆಗೆಯಿರಿ. "ಅವತ್ತು ಕೇಳಿದೆಯಲ್ಲ ಪುಟ್ಟಿ, ನೀನು ಹೇಳಿದ್ದು ಸರಿ. ನಾನು ಜೋರಾಗಿ ಕಿರುಚಿದೆ, ಹೊಡೆದೆ. ಹೊಡೆದಿದ್ದು ತಪ್ಪು. ನಿಂಗೆ ಆಗ ಏನನ್ನಿಸ್ತು?" ಅಷ್ಟು ಸಾಕು. 'ನೀನು ಬೇಗ ರೆಡಿಯಾಗಿದ್ದರೆ' ಎಂದು ಬಾಲ ಸೇರಿಸಬೇಡಿ. ಅಳುತ್ತಾ ಕ್ಷಮೆ ಕೇಳಿ ಅವಳೇ ನಿಮ್ಮನ್ನು ಸಮಾಧಾನ ಮಾಡುವ ಹಾಗೆಯೂ ಮಾಡಬೇಡಿ. ಶೂ ಹಾಕಿಕೋ ಎಂದದ್ದಕ್ಕೆ ಕ್ಷಮೆ ಬೇಕಿಲ್ಲ, ಅದು ನಾಳೆಯೂ ಇದ್ದದ್ದೇ. ಅವಳು ಏನೂ ಹೇಳದೆ ಇನ್ನೊಂದು ಪುಸ್ತಕ ಎತ್ತಿಕೊಂಡರೆ ಅದನ್ನು ಓದಿ.

ಭಾನುವಾರ ನಾಲ್ಕು ಹಾಳೆ ಮಡಿಸಿ ಪಿನ್ ಹೊಡೆದು ಕೊಡಿ, 'ನಮ್ಮನೆ ಬೆಳಿಗ್ಗೆ' ಎಂದು ಅವಳೇ ಚಿತ್ರ ಬರೆಯಲಿ. ಅದರಲ್ಲಿ ನಿಮಗೆ ದೊಡ್ಡ ಬಾಯಿ, ಕೆಂಪು ಕಣ್ಣು ಬರೆದರೆ ತಿದ್ದಬೇಡಿ. ಮುಂದಿನ ಪುಟದಲ್ಲಿ ಏನಾಯಿತು ಎಂದು ಕೇಳಿ. ಓದಲು ಬೇರೆ ಬೇರೆ ಬಗೆಯ ಕಥೆ ಬೇಕಿದ್ದರೆ, ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿಯೇ ಸಿಗುತ್ತವೆ.

ಅತ್ತೆಯವರ ಮಾತಿಗೆ ಮುನಿಯಬೇಡಿ, ಅದರಲ್ಲಿ ಅರ್ಧ ನಿಜವಿದೆ. ಅವರ ಕಾಲದ ಪ್ರೀತಿ ಕೈತುತ್ತಿನಲ್ಲಿ, ಎಣ್ಣೆಸ್ನಾನದಲ್ಲಿ ಇತ್ತು. ವಾರಕ್ಕೊಂದು ದಿನ ಮೊಮ್ಮಗಳಿಗೆ ಗೋವಿನ ಹಾಡು ಹೇಳಿಕೊಡಿ ಎಂದು ಅವರನ್ನೇ ಕೇಳಿ. ಹುಲಿಯ ಬಳಿಗೆ ಹೊರಟ ಪುಣ್ಯಕೋಟಿ ಕರುವಿನ ಮುಂದೆ ತನ್ನ ಪ್ರೀತಿಯನ್ನು ಬಣ್ಣಿಸುತ್ತಾ ನಿಲ್ಲುವುದಿಲ್ಲ. ಉಳಿದ ಹಸುಗಳನ್ನು ಅಮ್ಮ, ಅಕ್ಕ ಎಂದು ಕರೆದು, ಕರು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮದೇ ಕಂದ ಎಂದು ನೋಡಿಕೊಳ್ಳಿ ಎಂದು ಒಪ್ಪಿಸುತ್ತದೆ. ಒದೆಯಬೇಡಿ ಎನ್ನುವಷ್ಟು ದಿನನಿತ್ಯದ ಮಾತು ಅದು. ಮಗುವನ್ನು ಒಬ್ಬಳೇ ಸಾಕಲಾಗುವುದಿಲ್ಲ ಎನ್ನುವುದೂ ಅದರಲ್ಲಿದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಬೆಳಗಿನ ಗಲಾಟೆಯಲ್ಲಿ ಇನ್ನು ಯಾರ ಕೈಯೂ ಕಾಣಲಿಲ್ಲ. ಯಜಮಾನರು ರಾತ್ರಿ ತಡವಾಗಿ ಬರುತ್ತಾರೆ, ಸರಿ, ಬೆಳಿಗ್ಗೆ ಏಳೂವರೆಗೆ ಎಲ್ಲಿರುತ್ತಾರೆ? ಸ್ನಾನ, ಸಾಕ್ಸು, ಶೂ, ವ್ಯಾನ್ ಹತ್ತಿಸುವುದು ಅವರ ಪಾಲಿಗೆ ಬರಲಿ. ಜಡೆ ಅತ್ತೆಯವರದು. ನೀವು ಡಬ್ಬಿ ಕಟ್ಟಿ ನಿಮ್ಮ ಸೀರೆ ಉಟ್ಟುಕೊಳ್ಳಿ. ಸಹಾಯ ಮಾಡಿ ಎಂದು ಬೇಡಿಕೊಳ್ಳುವ ಧಾಟಿ ಬೇಡ, ಸೋಮವಾರದಿಂದ ಹೀಗೆ ಎಂದು ಇಬ್ಬರನ್ನೂ ಕೂರಿಸಿಕೊಂಡು ಹೇಳಿ. ಭಾನುವಾರ ರಾತ್ರಿ ಓದುವ ಪಾಳಿಯೂ ಅಪ್ಪನದೇ ಇರಲಿ.

ಇಷ್ಟಾದ ಮೇಲೂ ಸಿಟ್ಟು ಹತೋಟಿಗೆ ಬರದಿದ್ದರೆ, ನಿದ್ದೆ ಕೆಟ್ಟರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಕರೆ ಮಾಡಿ. ಸಂಖ್ಯೆ 14416. ಕರೆ ಉಚಿತ, ದಿನದ ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು.